ಆಳುದ್ದ ಕೆಳಗೆ ಸಿಕ್ಕ ಗಾಜು

ಬೇರೆಯವರ ಪೆದ್ದುತನ ಗುರುತಿಸುವುದರಲ್ಲಿ ನಾನು ಪಳಗಿದ ಕೈ. ಕಲ್ಲಿದ್ದಲಿನೊಳಗೆ ಮೊಳೆ ಸಿಕ್ಕಿತಂತೆ, ಗೋರಿಯೊಳಗೆ ಬಲ್ಬು ಇತ್ತಂತೆ ಎಂದು ಮೊಬೈಲಿಗೆ ಸುದ್ದಿ ಬಂದರೆ, 'ಯಾರೋ ಬೀಳಿಸಿರಬೇಕು' ಎಂದು ಅಲ್ಲೇ ಅಳಿಸಿಬಿಡುತ್ತೇನೆ. ಆಳಂದದ ಗೆಳೆಯನೊಬ್ಬ ಹಳೆಯ ಗುಡಿಯ ಕಂಬದಲ್ಲಿ ಮೊಬೈಲ್ ಹಿಡಿದ ಹೆಂಗಸನ್ನು ಕಂಡುಹಿಡಿದಾಗ, "ಲೇ, ಅದು ಕನ್ನಡಿ ಅದ. ಆಗ ಟವರ್ ಎಲ್ಲಿತ್ತು?" ಎಂದು ನಾಲ್ಕು ಜನರ ಮುಂದೆ ಅವನ ಮಾನ ಕಳೆದಿದ್ದೆ. ಇತಿಹಾಸದ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಇಷ್ಟಾದರೂ ಸೊಕ್ಕು ಬೇಡವೇ?

ಆ ಸೊಕ್ಕು ಇಳಿದದ್ದು ಅತನೂರಿನಲ್ಲಿ. ನನ್ನ ಹಳೆಯ ಶಿಷ್ಯ ಶರಣಪ್ಪ ಹಿತ್ತಲಲ್ಲಿ ಪಾಯ ತೋಡಿಸುತ್ತಿದ್ದ. ಆಳುದ್ದ ಕೆಳಗೆ ಕರಿ-ಕೆಂಪು ಮಡಕೆಚೂರುಗಳು ಬಂದವು. ಅವು ಬಹಳ ಹಳೆಯವು, ಅದರಲ್ಲಿ ಅನುಮಾನವಿಲ್ಲ. ಅವುಗಳ ನಡುವೆಯೇ ದುಂಡನೆಯ, ನಡುವೆ ಉಬ್ಬಿದ ಒಂದು ಗಾಜು! ಅಂಗೈ ಮೇಲೆ ಹಿಡಿದರೆ ಗೆರೆಗಳು ದಪ್ಪಗೆ ಕಂಡವು. ಭೀಮಾ ತೀರದ ನಮ್ಮ ಪೂರ್ವಜರು ಮಸೂರ ಉಜ್ಜುತ್ತಿದ್ದರು! ಬೇರೆಯವರಿಗೆ ಸಿಕ್ಕಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದೆ. ನನಗೇ ಸಿಕ್ಕಿದ್ದರಿಂದ ಒಂದನ್ನೂ ಕೇಳಲಿಲ್ಲ.

ಗಾಜನ್ನು ಹತ್ತಿಯಲ್ಲಿ ಸುತ್ತಿ ಹೆಂಡತಿಯ ಕುಂಕುಮದ ಭರಣಿಯಲ್ಲಿಟ್ಟೆ. ಜೇವರ್ಗಿಯಲ್ಲಿ ಅದರ ಬಗ್ಗೆ ನನ್ನ ಭಾಷಣವೂ ನಿಗದಿಯಾಯಿತು. ಆಳಂದದ ಗೆಳೆಯನಿಗೆ ನಾನೇ ಫೋನು ಮಾಡಿ, ಮುಂದಿನ ಸಾಲಿನಲ್ಲೇ ಕೂಡಬೇಕೆಂದು ತಾಕೀತು ಮಾಡಿದೆ. ಭಾಷಣದ ಹಿಂದಿನ ದಿನ ಆ ತಗ್ಗಿನ ಫೋಟೊ ತೆಗೆಯಲು ಅತನೂರಿಗೆ ಹೋದೆ. ಇಜೇರಿಯ ಮಗಳ ಮನೆಗೆ ಹೋಗಿದ್ದ ಶರಣಪ್ಪನ ತಾಯಿ ನೀಲಮ್ಮಾಯಿ ಅಂದೇ ಮರಳಿದ್ದಳು. ಭರಣಿ ತೆರೆದು ಅವಳಿಗೂ ತೋರಿಸಿದೆ.

"ಇದು ಎಲ್ಲಿ ಸಿಕ್ತರಿ ಸರ?"

"ನಿಮ್ಮ ಹಿತ್ತಲದಾಗ, ಆಳುದ್ದ ಕೆಳಗ. ಎರಡು ಸಾವಿರ ವರ್ಷದ್ದು, ಆಯಿ."

"ಅಯ್ಯ! ಅಲ್ಲಿ ನಮ್ಮ ಹಗೇವು ಇತ್ತಲ್ರಿ. ಜ್ವಾಳ ತಗ್ಯಾಕ ನಮ್ಮ ಮಾವಾರೇ ಇಳೀತಿದ್ರು. ಆಮ್ಯಾಲ ಮಣ್ಣು ಹಾಕಿ ಮುಚ್ಚಿಬಿಟ್ವಿ."

ಹಗೇವು! ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಅದರ ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಅದೇ ಹೊಳೆಯಲಿಲ್ಲ. ಹಿರಿಯರು ಹಳೆಯ ಮಣ್ಣನ್ನು ಕೊರೆದು ಹಗೇವು ಮಾಡಿದ್ದರು. ಅದರಲ್ಲಿ ಬಿದ್ದದ್ದು ಸೀದಾ ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು.

ಆಯಿ ಒಳಗೆ ಹೋಗಿ ಟ್ರಂಕಿನಿಂದ ಮಾವನ ಕನ್ನಡಕ, ತಂತಿ ಕಟ್ಟಿನ ಹಳೆಯ ಚಾಳೀಸು, ತಂದಳು. ಒಂದು ಕಣ್ಣಿಗೆ ಗಾಜಿತ್ತು, ಇನ್ನೊಂದು ಖಾಲಿ. ನನ್ನ ಪೂರ್ವಜರ ಮಸೂರ ಆ ಖಾಲಿಯಲ್ಲಿ ಟಕ್ಕನೆ ಕೂತಿತು. ಅಬ್ಬಾ, ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಒಂದು ದಿನ ತಡವಾಗಿದ್ದರೆ ಆಳಂದದವನಿಗೆ ಜನ್ಮಕ್ಕಾಗುವಷ್ಟು ನಗು ಸಿಗುತ್ತಿತ್ತು.

ನನ್ನ ಸಂತೋಷದಲ್ಲಿ ನಾನು ಆಯಿಯ ಮುಖ ನೋಡಿರಲಿಲ್ಲ. ಅವಳ ಕಣ್ಣು ತುಂಬಿದ್ದವು.

"ಅಂಗಿ ಒಗಿಯಾಗ ನಾನೇ ಒಡದೀನಿ ಅಂತ ಮಾವಾರು ಸಾಯೋತನಕ ಅಂದ್ರು ನೋಡ್ರಿ. ಒಂದು ಕಣ್ಣು ಮುಚ್ಚಿ ವಚನ ಓದೋರು. ಓದಿದಾಗೊಮ್ಮೆ ನನ್ನ ಬೈಯೋರು."

ಮರುದಿನ ಜೇವರ್ಗಿಯಲ್ಲಿ ಎಲ್ಲವನ್ನೂ ಹೇಳಿಕೊಂಡೆ, ನನ್ನ ಪೆದ್ದುತನದ ಸಮೇತ. ಗೆಳೆಯ ಹೊಟ್ಟೆ ಹಿಡಿದು ನಕ್ಕ. ಅವನ ಜೊತೆ ನಾನೂ ನಕ್ಕು ಹಗುರಾದೆ. "ಎಲ್ಲಿ ಅದಲೇ ಆ ಗಾಜು, ತೋರ್ಸು" ಎಂದ. ನನ್ನ ಹತ್ತಿರ ಖಾಲಿ ಭರಣಿ ಮಾತ್ರ ಇತ್ತು. ಗಾಜು ಅತನೂರಿನ ಪಡಸಾಲೆಯಲ್ಲಿದೆ. ನೀಲಮ್ಮಾಯಿ ಆ ಚಾಳೀಸನ್ನು ಮಾವನ ಫೋಟೊಕ್ಕೆ ತೂಗುಹಾಕಿ, ಸೆರಗಿನಿಂದ ಎರಡೂ ಗಾಜು ಒರೆಸಿ ಹೇಳಿದ್ದಳು: "ಈಗರ ಎರಡೂ ಕಣ್ಣೀಲೆ ನೋಡ್ರಿ ಮಾವಾ, ನಾ ಒಡದಿದ್ದಿಲ್ಲ."