ಅತ್ತೆಗೊಂದು ಟೂರು ನೋಡಿದ್ದು

ನಮ್ಮ ಚಾವಡಿಯಲ್ಲಿ ಎರಡು ದಿನಗಳಿಂದ ಹೊಸ ಸೂಟ್‌ಕೇಸಿನ ವಾಸನೆ. ರಬ್ಬರಿನದ್ದೋ ಬಣ್ಣದ್ದೋ ಗೊತ್ತಾಗದ, ಮೂಗಿಗೆ ತುಸು ಖಾರವಾಗಿ ತಾಗುವ ವಾಸನೆ. ಬೇರೆ ದಿನವಾಗಿದ್ದರೆ ಕಿಟಕಿ ತೆರೆಯಿರಿ ಎಂದು ಗಲಾಟೆ ಮಾಡುವವಳು ನಾನೇ. ಇವತ್ತು ಬೆಳಿಗ್ಗೆ ಹಾಲನ್ನು ಒಲೆಯ ಮೇಲಿಟ್ಟು, ಒಂದು ಸಲ ಹೋಗಿ ಸೂಟ್‌ಕೇಸಿನೊಳಗೆ ತಲೆ ಹಾಕಿ ಮೂಸಿ ಬಂದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಡಿತ್ತು. ಸಿಟ್ಟೇ ಬರಲಿಲ್ಲ ಎಂದರೆ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಸೂಟ್‌ಕೇಸುಗಳು ಸದ್ಯಕ್ಕೆ ಮೂರು. ನಾಲ್ಕನೆಯದು ಬೇಕೋ ಬೇಡವೋ ಎಂಬುದು ಇವತ್ತು ಮಧ್ಯಾಹ್ನ ಕಡಬದ ಹತ್ತಿರ ಕುಮಾರಧಾರಾ ಹೊಳೆಯ ದಡದಲ್ಲಿ ತೀರ್ಮಾನವಾಗಬೇಕು. ಹೊಳೆಗೂ ಸೂಟ್‌ಕೇಸಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಹೊರಡಲು ಇನ್ನೂ ಹೊತ್ತಿದೆ, ಕುಳಿತುಕೊಳ್ಳಿ, ಹೇಳುತ್ತೇನೆ.

ಮಂಗಳೂರಿನಲ್ಲಿರುವ ನಮ್ಮ ಮಗಳು ಶ್ರುತಿ ಒಂದು ಭಾನುವಾರ ಬಂದವಳು ಊಟದ ಹೊತ್ತಿಗೆ ಸುದ್ದಿ ತೆಗೆದಳು. “ಅಜ್ಜಿ ಗಟ್ಟಿ ಇರುವಾಗಲೇ ನಾವೆಲ್ಲ ಒಟ್ಟಿಗೆ ಒಂದು ಫಾರಿನ್ ಟೂರ್ ಹೋಗುವ.” ಎಲ್ಲ ಎಂದರೆ ಎಂಬತ್ತರ ಹತ್ತಿರದ ನನ್ನ ಅತ್ತೆ, ಪುತ್ತೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿರುವ ನಮ್ಮ ಮನೆಯವರು, ನಾನು, ಶ್ರುತಿ ಮತ್ತು ಅವಳ ಆರು ವರ್ಷದ ಮಗಳು ಮಿನ್ನು. ನಾನು ನಿವೃತ್ತ ಟೀಚರು. ಸಮಾಜ ಪಾಠ ಮಾಡಿದವಳು. ಪ್ರಪಂಚದ ಭೂಪಟ ನೇತುಹಾಕಿ, ಬೆತ್ತದ ತುದಿಯಿಂದ ಏಳು ಖಂಡಗಳನ್ನು ಒಂದೇ ಪೀರಿಯಡ್ಡಿನಲ್ಲಿ ಸುತ್ತಿಸಿ, ಬೆಲ್ ಹೊಡೆದಾಗ ಮಧ್ಯಾಹ್ನದ ಬುತ್ತಿಗೆ ವಾಪಸು ಬರುತ್ತಿದ್ದೆ. ನಿಜವಾಗಿ ವಿಮಾನ ಹತ್ತಿದ್ದು ಒಂದೇ ಸಲ, ಅದೂ ದೆಹಲಿಯ ಮದುವೆಗೆ. ಹಾಗಾಗಿ ಶ್ರುತಿ ಫಾರಿನ್ ಎಂದಕೂಡಲೇ ನನಗೆ ತುತ್ತು ಇಳಿಯಲಿಲ್ಲ. ಆದರೂ ಮುಖ ಗಂಭೀರ ಮಾಡಿಕೊಂಡು ಸಾರು ಬಡಿಸಿದೆ. ಅತ್ತೆ ಮಾತ್ರ ನೇರ ವಿಷಯಕ್ಕೆ ಬಂದರು.

“ಅಲ್ಲಿ ಸಂತೆ ಉಂಟಾ?”

ಅತ್ತೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಪುತ್ತೂರಿನ ಸೋಮವಾರದ ಸಂತೆಗೆ ಅವರು ತಪ್ಪಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿಲ್ಲ. ಕೊಳ್ಳುವುದು ಒಂದು ಕಟ್ಟು ಬಸಳೆ, ಎರಡು ಸೌತೆಕಾಯಿ. ನೋಡುವುದು ಮಾತ್ರ ಇಡೀ ಸಂತೆ. ಸುವರ್ಣಗೆಡ್ಡೆಯನ್ನು ಉಗುರಿನಲ್ಲಿ ಕೆರೆದು ನೋಡುತ್ತಾರೆ, ಒಣಮೆಣಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಕೊಳ್ಳದ ವಸ್ತುವಿಗೂ ಚೌಕಾಸಿ ಮಾಡುತ್ತಾರೆ. ಮೊಣಕಾಲು ನೋವು ಶುರುವಾದ ಮೇಲೆ ನಡಿಗೆ ನಿಧಾನವಾಗಿದೆಯೇ ಹೊರತು ನೋಡುವುದರಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಸಂತೆ ಎಂದದ್ದೇ ತಡ, ಶ್ರುತಿ ಮೊಬೈಲಿನಲ್ಲಿ ವಿಯೆಟ್ನಾಮಿನ ಒಂದು ವಿಡಿಯೋ ಹುಡುಕಿ ತೋರಿಸಿದಳು. ದೊಡ್ಡ ಹೊಳೆ, ಹೊಳೆಯ ತುಂಬ ದೋಣಿ, ದೋಣಿಯ ತುಂಬ ತರಕಾರಿ. ಯಾವ ದೋಣಿಯಲ್ಲಿ ಏನು ಸಿಗುತ್ತದೆಯೋ ಅದನ್ನು ಒಂದು ಬಿದಿರಿನ ಗಳುವಿಗೆ ಕಟ್ಟಿ ಮೇಲೆತ್ತಿ ನಿಲ್ಲಿಸಿದ್ದರು. ಒಂದರಲ್ಲಿ ಅನಾನಸು, ಒಂದರಲ್ಲಿ ಕುಂಬಳಕಾಯಿ. ಅತ್ತೆ ಕೈ ತೊಳೆಯದೆ ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ನೋಡಿದರು. “ಬುದ್ಧಿ ಅಂದ್ರೆ ಇದು! ನಮ್ಮವು ಕೂಗಿ ಕೂಗಿ ಗಂಟಲು ಹರ್ಕೊಳ್ತವೆ. ಇನ್ನೊಮ್ಮೆ ಹಾಕು ನೋಡುವ.” ಆ ವಾರವಿಡೀ ಹಾಲಿನವನಿಗೆ, ಪಕ್ಕದ ಮನೆಯವರಿಗೆ, ರಾಂಗ್ ನಂಬರಿನಲ್ಲಿ ಫೋನ್ ಮಾಡಿದ ಒಬ್ಬನಿಗೆ ಕೂಡ, ತಾನು ಹೊಳೆಯ ಸಂತೆಗೆ ಹೋಗುವುದಾಗಿ ಹೇಳಿದರು.

ನಮ್ಮ ಮನೆಯವರು ಮಾತ್ರ ಕೊಂಕು ತೆಗೆದರು. “ತೆಂಗು, ಹಲಸು, ಕರಿಮೆಣಸು ನೋಡ್ಲಿಕ್ಕೆ ವಿಮಾನ ಯಾಕೆ ಮಾರಾಯ್ತಿ? ಇಲ್ಲೇ ಪಂಜಕ್ಕೆ ಬಸ್ಸೇ ಉಂಟಲ್ಲ?” ಮರುದಿನ ಅಂಗಡಿಯಿಂದ ಬರುವಾಗ ಅವರ ಕೈಯಲ್ಲಿ ಬಣ್ಣದ ಬ್ರೋಷರುಗಳ ಕಟ್ಟೇ ಇತ್ತು ಎನ್ನುವುದು ಬೇರೆ ಮಾತು.

ಅಲ್ಲಿಂದ ಶುರುವಾಯಿತು ನೋಡಿ ಗಮ್ಮತ್ತು. ಒಂದು ದೊಡ್ಡ ಕಂಪೆನಿಯ ಬ್ರೋಷರಿನಲ್ಲಿ ಒಂದೇ ವಾರಕ್ಕೆ ಅದೆಷ್ಟು ಊರುಗಳು! ಬೆಳಿಗ್ಗೆ ಒಂದು ಪಟ್ಟಣ, ಮಧ್ಯಾಹ್ನ ಗುಹೆ, ಸಂಜೆ ಸೇತುವೆ. ನಮ್ಮ ಮನೆಯವರಿಗೆ ಬಾಳೆಯೆಲೆ ಕಾಣದಷ್ಟು ಬಗೆ ಬಡಿಸಿದರೆ ಮಾತ್ರ ಊಟ. ಟೂರಿನಲ್ಲೂ ಅದೇ ಲೆಕ್ಕ. ನಾನೂ ಕಡಿಮೆಯವಳಲ್ಲ, ಹಳೆಯ ಅಟ್ಲಾಸ್ ತೆಗೆದು ಊರುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮಿನ್ನುವಿಗೆ ಪರೀಕ್ಷೆ ಕೊಟ್ಟೆ. ಶ್ರುತಿ ಮೊಬೈಲಿನಲ್ಲಿ ಆ ಕಂಪೆನಿಗೆ ಜನ ಕೊಟ್ಟ ನಕ್ಷತ್ರಗಳನ್ನು ತೋರಿಸಿದಾಗ ಅವಳಪ್ಪ ಕೇಳಿದರು, “ಈ ನಕ್ಷತ್ರ ಕೊಟ್ಟವರ ಮನೆ ಎಲ್ಲಿ? ಗುರುತಿಲ್ಲದವರ ಮಾತು ಕೇಳಿ ಯಾರಾದ್ರೂ ಸಂಬಂಧ ಮಾಡ್ತಾರಾ?”

ಅವರು ಹೇಳಿದ್ದು ಸರಿ ಎಂದು ನನಗೂ ಅನಿಸಿತು. ಮದುವೆಗೆ ಸಂಬಂಧ ಬಂದರೆ ನಮ್ಮ ಕಡೆ ಹೇಗೆ? ನೆಂಟರ ನೆಂಟರನ್ನು ಹಿಡಿದು, ಬೇರೆ ಯಾವುದೋ ನೆಪದಲ್ಲಿ ಹೋಗಿ, ಕಾಫಿ ಕುಡಿದು, ಏಳುವ ಹೊತ್ತಿಗೆ “ಜನ ಹೇಗೆ?” ಎಂದು ಮೆಲ್ಲನೆ ಕೇಳುವುದು. ಟೂರಿಗೂ ಅದೇ ಕ್ರಮ ಎಂದು ತೀರ್ಮಾನವಾಯಿತು. ಫಾರಿನ್ ನೋಡಿ ಬಂದ ಪರಿಚಯದವರ ಮನೆಗಳಿಗೆ ಅತ್ತೆಯನ್ನೂ ಕೂರಿಸಿಕೊಂಡು ಕಾರಿನಲ್ಲಿ ಹೊರಟೆವು.

ಈಶ್ವರಮಂಗಲದಲ್ಲಿ ಒಬ್ಬರು ನಾವು ಕೂರುವ ಮೊದಲೇ ಹೋಟೆಲಿನ ಬೆಳಗಿನ ತಿಂಡಿಯನ್ನು ವರ್ಣಿಸತೊಡಗಿದರು. ಕಾಫಿ ಕುಡಿದು ಏಳುವವರೆಗೂ ಅವರು ತಿಂಡಿಯ ಮೇಜು ಬಿಟ್ಟು ಹೊರಗೆ ಬರಲಿಲ್ಲ. ಯಾವ ದೇಶ ಎಂಬುದು ಕಡೆಗೂ ತಿಳಿಯಲಿಲ್ಲ. ಅಜ್ಜಾವರದ ದಂಪತಿಗೆ ಒಂದೇ ಫೋಟೋದ ಮೇಲೆ ಜಗಳವಾಯಿತು. ಗೋಪುರ ಯಾವ ಊರಿನದು ಎಂದು ಗಂಡ ಒಂದು ಹೇಳಿದರೆ ಹೆಂಡತಿ ಇನ್ನೊಂದು. “ಬಸ್ಸಿಂದ ಇಳಿಯುದು, ಫೋಟೋ ತೆಗೆಯುದು, ಹತ್ತುದು. ನೆನಪಿಟ್ಟುಕೊಳ್ಳುದು ಯಾವಾಗ?” ಎಂದರು ಆಕೆ. ನಮ್ಮ ಮನೆಯವರಿಗೆ ಇದೂ ಹೊಗಳಿಕೆಯ ಹಾಗೆಯೇ ಕೇಳಿಸಿತು.

ಕೊನೆಗೆ ಪಂಜಕ್ಕೆ ಹೋದೆವು, ಅತ್ತೆಯ ಚಿಕ್ಕಪ್ಪನ ಮಗಳು ದೇವಕಿ ಚಿಕ್ಕಮ್ಮನ ಮನೆಗೆ. ಅವರು ಮಗ ಸೊಸೆಯ ಜೊತೆ ಟೂರು ಹೋದದ್ದು ನಾವು ಮುಂಗಡ ಕೊಡಬೇಕೆಂದಿದ್ದ ಅದೇ ಕಂಪೆನಿಯಲ್ಲಿ. ಭಾರೀ ನಗುವಿನ ಹೆಂಗಸು. ಆಲ್ಬಂ ಮಾಡಿಸಿದ್ದರು. ಒಂದೊಂದೇ ಹಾಳೆ ಮಗುಚಿ ತೋರಿಸಿದರು.

“ಇದು ಅರಮನೆಯ ಹೊರಗಿನ ಬೆಂಚು ಅಕ್ಕ. ಒಳಗೆ ತುಂಬ ಮೆಟ್ಟಿಲು ಉಂಟಂತೆ. ಇದು ಜಲಪಾತದ ಹತ್ತಿರದ ಬೆಂಚು. ಜಲಪಾತ ಕಾಣುದಿಲ್ಲ, ಶಬ್ದ ಚಂದ ಕೇಳ್ತದೆ. ಇದು ಬೋಟಿನ ಜಾಗೆ. ಅವರೆಲ್ಲ ಬೋಟಲ್ಲಿ, ನಾನು ಈಚೆ.”

ಎಲ್ಲ ಫೋಟೋದಲ್ಲೂ ಚಿಕ್ಕಮ್ಮ ಕುಳಿತಿದ್ದರು. ಸುತ್ತ ಚೀಲಗಳು. “ಹುಡುಗರು ಒಳ್ಳೆಯವರೇ ಮಾರಾಯ್ತಿ, ಐಸ್ ಕ್ರೀಮ್ ತಂದುಕೊಟ್ಟು ಹೋಗ್ತಿದ್ರು. ಗುಂಪಿನವರ ಚೀಲ ಎಲ್ಲ ನನ್ನ ಹತ್ತಿರ. ಈ ಪಂಜದಲ್ಲಿ ನನ್ನಷ್ಟು ಬೆಂಚು ನೋಡಿದವರು ಬೇರೆ ಯಾರೂ ಇಲ್ಲ!” ಎಂದು ಜೋರಾಗಿ ನಕ್ಕರು. ನಾವೂ ನಕ್ಕೆವು. ಅತ್ತೆ ನಗಲಿಲ್ಲ. ಆಲ್ಬಮ್ಮನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಮೊದಲಿಂದ ಮತ್ತೆ ನೋಡಿದರು.

ಬರುವಾಗ ಕಾರಿನಲ್ಲಿ, ಮನೆ ಹತ್ತಿರವಾದಾಗ ಅತ್ತೆ ಮೆಲ್ಲನೆ ಹೇಳಿದರು. “ನೀವು ಹೋಗಿ ಬನ್ನಿ ಮಗ. ನಾನು ಬರುದಿಲ್ಲ. ಚೀಲ ಕಾಯ್ಲಿಕ್ಕೆ ಅಷ್ಟು ದೂರ ಬರ್ಬೇಕಾ?”

ಅವರ ದನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ರಮಿಸಬಹುದಿತ್ತು. ಅವರಿಗೆ ಹೊಳೆಯ ಸಂತೆ ನೋಡುವ ಆಸೆ ಎಷ್ಟಿತ್ತೋ, ಅದನ್ನು ದಡದಲ್ಲಿ ಕುಳಿತು ನೋಡಲಾರೆ ಎಂಬ ಹಟವೂ ಅಷ್ಟೇ ಇತ್ತು. ಅತ್ತೆ ಇಲ್ಲದ ಟೂರು ನನಗೂ ಬೇಡವಾಗಿತ್ತು. ಆ ರಾತ್ರಿ ನಾನು ಬ್ರೋಷರು ತೆರೆದು ನೋಡಿದೆ. ತೇಲುವ ಮಾರುಕಟ್ಟೆಯ ಎದುರು ಸಣ್ಣ ಅಕ್ಷರದಲ್ಲಿ ‘ಫೋಟೋಗಾಗಿ ನಿಲುಗಡೆ’ ಎಂದಿತ್ತು. ಅಷ್ಟು ಕೆಂಪು ಶಾಯಿ ಖರ್ಚು ಮಾಡಿದವಳಿಗೆ ಅದು ಕಂಡಿರಲೇ ಇಲ್ಲ.

ಸಂಬಂಧ ನೋಡುವುದೇ ಆದರೆ ಹುಡುಗನನ್ನೂ ನೋಡಬೇಕಲ್ಲ? ನಾನು ಆ ಕಂಪೆನಿಗೆ ಫೋನ್ ಮಾಡಿ, ನಮ್ಮ ಗುಂಪನ್ನು ಕರೆದುಕೊಂಡು ಹೋಗುವವರು ಯಾರೋ ಅವರೇ ಒಂದು ಸೋಮವಾರ ಪುತ್ತೂರಿಗೆ ಬಂದು ಮಾತಾಡಲಿ ಎಂದೆ. ಎಲ್ಲಿಗೆ ಎಂದು ಕೇಳಿದರು. ಸಂತೆಗೆ ಎಂದೆ.

ಬಂದ ಯುವಕ ಚೆಂದದ ಹುಡುಗ, ಇಸ್ತ್ರಿ ಅಂಗಿ, ಬಲು ವಿನಯ. ಅತ್ತೆಯ ಚೀಲ ತಾನೇ ಹಿಡಿದುಕೊಂಡ. ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು, “ನಿಧಾನ ಬನ್ನಿ ಅಮ್ಮ, ಅರ್ಜೆಂಟಿಲ್ಲ” ಎನ್ನುವನು. ಮತ್ತೆ ನಾಲ್ಕು ಹೆಜ್ಜೆ. ಮೆಣಸಿನವನ ಹತ್ತಿರ ತಲುಪುವಷ್ಟರಲ್ಲಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಕರವಸ್ತ್ರದಲ್ಲಿ ಒರಸಿ ಇಟ್ಟ. “ನೀವು ಇಲ್ಲಿ ಆರಾಮ ಕೂತುಕೊಳ್ಳಿ ಅಮ್ಮ. ಎಂತ ಬೇಕು ಹೇಳಿ, ನಾನು ತರ್ತೇನೆ.” ಅತ್ತೆ ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಹುಡುಗನಿಗೆ ಎಳನೀರು ಕುಡಿಸಿ ಕಳಿಸಿಕೊಟ್ಟೆವು.

ಎರಡನೆಯವರು ಸುಳ್ಯದ ಪ್ರಭಾಕರ. ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ತಾವೇ ಟೂರು ಕರೆದುಕೊಂಡು ಹೋಗುವವರು ಎಂದು ನಮ್ಮ ಮನೆಯವರ ಗಿರಾಕಿಯೊಬ್ಬರು ಹೇಳಿದ್ದರು. ಮುಂದಿನ ಸೋಮವಾರ ತಡವಾಗಿ ಬಂದರು. ದೊಡ್ಡ ಹೊಟ್ಟೆ, ಸಣ್ಣ ಏದುಸಿರು. ನಮಸ್ಕಾರ ಹೇಳಿದವರು ಎರಡು ಹೆಜ್ಜೆಯಿಟ್ಟು ಕೆಸುವಿನ ರಾಶಿಯ ಎದುರು ನಿಂತೇ ಬಿಟ್ಟರು. ಮಾರುವವಳ ಜೊತೆ ತುಳುವಿನಲ್ಲಿ, ಇದು ತುರಿಸುವ ಜಾತಿಯೋ ಅಲ್ಲವೋ ಎಂದು ವಾದಕ್ಕೆ ಬಿದ್ದರು. ಅತ್ತೆ ಬಸಳೆ ಆರಿಸಿ, ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿ ಮುಗಿಸಿದರೂ ಅವರ ವಾದ ಮುಗಿಯಲಿಲ್ಲ. ಆಮೇಲೆ ಕುಂಬಳಕಾಯಿಯನ್ನು ತಟ್ಟಿ ನೋಡಿದರು. ಆಮೇಲೆ ಬೀಜದವನ ಹತ್ತಿರ ಕುಕ್ಕರಗಾಲಲ್ಲಿ ಕುಳಿತರು. ಏಳಲು ನಮ್ಮ ಮನೆಯವರು ಕೈ ಕೊಡಬೇಕಾಯಿತು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತು ನನಗೆ ಹೇಳಿದರು, “ಇವರನ್ನು ಕಾದು ಕಾದು ನನ್ನ ಕಾಲು ನೋವಾಯ್ತು ಮಾರಾಯ್ತಿ!” ಬಹಳ ದಿನದ ಮೇಲೆ ಆ ಮುಖದಲ್ಲಿ ಅಷ್ಟು ಖುಷಿ ಕಂಡೆ. ಎಷ್ಟೋ ವರ್ಷಗಳಿಂದ ಎಲ್ಲರೂ ಅವರನ್ನು ಕಾಯುತ್ತಿದ್ದರು. ಈಗ ಅವರಿಗೂ ಕಾಯಲು ಒಬ್ಬರು ಸಿಕ್ಕಿದ್ದರು.

ಚಹಾ ಕುಡಿಯುತ್ತ ಪ್ರಭಾಕರರು ತಮ್ಮ ಟೂರಿನ ಸಂಗತಿ ಹೇಳಿದರು. ವಾರಕ್ಕೆ ಮೂರೇ ಊರು. ನಮ್ಮ ಮನೆಯವರ ಮುಖ ಸಪ್ಪಗಾಯಿತು. ಅತ್ತೆ ಕೇಳಿದರು, “ಆ ಹೊಳೆಯ ಸಂತೆ ಯಾವ ವಾರ?”

“ಅದು ದಿನಾಲೂ ಉಂಟು ಅಮ್ಮ.”

“ದಿನಾಲೂವಾ!” ಅತ್ತೆ ಗ್ಲಾಸು ಕೆಳಗಿಟ್ಟರು. “ದೋಣಿಗೆ ನನ್ನನ್ನು ಹತ್ತಿಸ್ತೀರಾ?”

“ಹತ್ತಿಸ್ತೇನೆ ಅಂತ ಬಾಯಲ್ಲಿ ಹೇಳ್ಬಹುದು. ಸತ್ಯ ಹೇಳುದಾದ್ರೆ ನನ್ನನ್ನೇ ಒಬ್ಬ ಹಿಡ್ಕೊಳ್ಬೇಕು. ದೋಣಿ ಅಲ್ಲಾಡ್ತದೆ, ಒಂದು ಹೆಜ್ಜೆ ಕೆಳಗೆ ಇಳೀಬೇಕು. ನೀವು ಊರಲ್ಲೇ ಒಮ್ಮೆ ಹತ್ತಿ ನೋಡಿ ಅಮ್ಮ. ಆಗ್ತದೆ ಅಂತ ಕಂಡ್ರೆ ಹೇಳಿ, ಅಲ್ಲಿ ಎಷ್ಟು ಹೊತ್ತು ಬೇಕಾದ್ರೂ ಇರುವ.”

ಅತ್ತೆ ಅಲ್ಲೇ ತೀರ್ಪು ಕೊಟ್ಟರು. ಹತ್ತಲು ಆದರೆ ಬರುವುದು. ಆಗದಿದ್ದರೆ ಯಾರೂ ಒತ್ತಾಯಿಸಬಾರದು. ಕಡಬದ ಹತ್ತಿರ ಹೊಳೆಯ ದಡದಲ್ಲಿ ದೋಣಿ ಇರುವ ಪರಿಚಯದವರೊಬ್ಬರನ್ನು ನಮ್ಮ ಮನೆಯವರು ಹುಡುಕಿದರು. ಅದಕ್ಕೇ ಇವತ್ತಿನ ಪ್ರಯಾಣ. ಕಾರಿನ ಹಾರ್ನ್ ಕೇಳುತ್ತಿದೆ. ಉಳಿದದ್ದು ಬಂದು ಹೇಳುತ್ತೇನೆ.

ಬಂದೆ. ಈಗ ಸಂಜೆ. ಸೀರೆಯ ಅಂಚು ಇನ್ನೂ ಒದ್ದೆಯಿದೆ, ಬದಲಾಯಿಸಲೂ ತಾಳ್ಮೆಯಿಲ್ಲದೆ ಬರೆಯಲು ಕುಳಿತಿದ್ದೇನೆ.

ನೀರು ಸೊಂಟದಷ್ಟೂ ಇರಲಿಲ್ಲ. ದೋಣಿಯವನು ಮುಂದೆ, ನಮ್ಮ ಮನೆಯವರು ಹಿಂದೆ, ಶ್ರುತಿ ಒಂದು ಬದಿಯಲ್ಲಿ. ಅತ್ತೆ ಒಂದು ಕಾಲು ದೋಣಿಯೊಳಗೆ ಇಟ್ಟರು. ದೋಣಿ ವಾಲಿತು. ಕಾಲು ಹಿಂದಕ್ಕೆ ತೆಗೆದರು. ವಾಪಸು ಹೋಗುವ ಎನ್ನುತ್ತಾರೆ ಎಂದೇ ಎಣಿಸಿದೆ.

“ಎಲ್ಲರೂ ಒಟ್ಟಿಗೆ ಹಿಡ್ಕೊಂಡ್ರೆ ನಾನು ಹೋಗುದು ಹೇಗೆ? ಬಿಡಿ ನನ್ನನ್ನು,” ಎಂದರು ಅತ್ತೆ. ದಡದ ಕಲ್ಲಿನ ಮೇಲೆ ಕುಳಿತರು. ಎರಡೂ ಕಾಲುಗಳನ್ನು ದೋಣಿಯೊಳಗೆ ಇಳಿಬಿಟ್ಟರು. ಅಂಚನ್ನು ಹಿಡಿದು, ಕುಳಿತಲ್ಲಿಂದಲೇ ಜಾರಿ, ಅಡ್ಡಹಲಗೆಯ ಮೇಲೆ ಕುಳಿತುಬಿಟ್ಟರು. ಇಷ್ಟೇ. ಮಿನ್ನು ಕಿರುಚಿದ್ದಕ್ಕೆ ಆಚೆ ದಡದ ಕೊಕ್ಕರೆಗಳು ಹಾರಿಹೋದವು.

ಅವರು ನಾಲ್ವರೂ ದೋಣಿಯಲ್ಲಿ ಹೋದರು. ನಾನು ಹೋಗಲಿಲ್ಲ. ಅಷ್ಟು ನದಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನನಗೆ ನೀರೆಂದರೆ ಕೈಕಾಲು ತಣ್ಣಗಾಗುತ್ತದೆ ಎಂಬುದನ್ನು ನಿಮಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ದಡದಲ್ಲಿ ಎಲ್ಲರ ಚಪ್ಪಲಿಗಳ ಪಕ್ಕ ಕುಳಿತು, ಅತ್ತೆ ಸೆರಗು ಹಾರಿಸಿಕೊಂಡು ದೂರ ಹೋಗುವುದನ್ನು ನೋಡಿ ಕಣ್ಣು ತುಂಬಿಕೊಂಡೆ. ಸಂತೋಷಕ್ಕೋ ಹೆದರಿಕೆಗೋ ತಿಳಿಯಲಿಲ್ಲ.

ಒಂದು ಸುತ್ತು ಮುಗಿಸಿ ದೋಣಿ ದಡಕ್ಕೆ ಬಂತು. ಅತ್ತೆ ಇಳಿಯಲಿಲ್ಲ. “ಎಂತ ನೀನು ಇಲ್ಲೇ ಕೂತದ್ದು? ಬಾ, ಹತ್ತು!” ಎಂದರು. ಆಗುವುದಿಲ್ಲ ಅತ್ತೆ, ನನಗೆ ಹೆದರಿಕೆ ಎಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವರು ನಗಲಿಲ್ಲ. ಸ್ವಲ್ಪ ಸರಿದು ಹಲಗೆಯ ಮೇಲೆ ಜಾಗ ಮಾಡಿ, ಕೈ ಚಾಚಿದರು. “ನಿಂತುಕೊಂಡು ಹತ್ತಬೇಡ. ಕೂತು ಜಾರು, ನಾನು ಹಿಡ್ಕೊಂಡಿದ್ದೇನೆ.”

ಕುಳಿತೆ, ಜಾರಿದೆ, ಅರ್ಧ ಸೀರೆ ನೀರಲ್ಲಿ ಅದ್ದಿ ಅವರ ಪಕ್ಕಕ್ಕೆ ಬಿದ್ದೆ. ದೋಣಿ ಅಲ್ಲಾಡಿದಾಗ ಅವರ ತೋಳನ್ನು ಎರಡೂ ಕೈಯಿಂದ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಅತ್ತೆ ದೋಣಿಯವನಿಗೆ ಹೇಳುವುದು ಕೇಳಿಸಿತು.

“ಇನ್ನೊಂದು ಸುತ್ತು ಹೋಗುವ ಮಾರಾಯ. ಇವಳಿಗೆ ಅಭ್ಯಾಸ ಸಾಲದು. ಹೊಳೆಯ ಸಂತೆಗೆ ನನ್ನ ಒಟ್ಟಿಗೆ ಬರುವವಳು.”