ಪೇಟದ ಒಳಗಿನ ವೇದಾಂತ

ನಾನು ಈ ದೇಹವಲ್ಲ ಎಂಬ ಸತ್ಯವನ್ನು ಊಟಿಯಂಥ ಊರಿನಲ್ಲಿ ಕಲಿಯಲು ಹೊರಟವನ ಎದೆಗಾರಿಕೆಯನ್ನು ನೀವು ಮೊದಲು ಮೆಚ್ಚಬೇಕು. ಬಯಲುಸೀಮೆಯಲ್ಲಿ ಅದು ಸುಲಭ. ಬೇವಿನ ಮರದ ನೆರಳಿನಲ್ಲಿ ಕೂತು ದೇಹವನ್ನು ಮರೆಯುವುದು ಏನು ಮಹಾ? ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಗಟ್ಟಿಯಾಗಿರುವಾಗ, ಹಲ್ಲಿಗೆ ಹಲ್ಲು ಬಡಿಯುತ್ತಿರುವಾಗ, ‘ಈ ಹಲ್ಲೂ ನಾನಲ್ಲ’ ಎಂದು ಮೂರು ವರ್ಷ ಹೇಳಿಕೊಂಡವನು ನಾನು.

ನಂಜನಗೂಡಿನ ಕಡೆಯಿಂದ ಹೆಡ್‌ಮಾಸ್ಟರಾಗಿ ಬೆಟ್ಟ ಹತ್ತಿದವನು. ನಮ್ಮ ಶಾಸ್ತ್ರಿಗಳು ಜವಳಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಅದ್ವೈತದ ಪಾಠ ಹೇಳುತ್ತಿದ್ದರು. ಕೇಳುವವರು ಎಂಟು ಜನ. ಅವರಲ್ಲಿ ಮೊದಲನೆಯವನು ನಾನೇ. ಇದು ಜಂಬವಲ್ಲ, ಉಳಿದ ಏಳು ಜನರೂ ಒಪ್ಪಿದ ಮಾತು. ಜಗತ್ತು ಮಿಥ್ಯೆ ಎಂದು ಸಾಧಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಸೌದೆ ಮುಗಿದಿದೆ ಎಂದು ಹೆಂಡತಿ ಹೇಳಿದಾಗಲೂ ಸಾಧಿಸಿದ್ದೇನೆ. ಆಕೆ ಮರುಮಾತಿಲ್ಲದೆ ಒಪ್ಪಿಕೊಂಡು ಆ ದಿನ ಒಲೆ ಹಚ್ಚಲಿಲ್ಲ.

ಬಾಗಿಲ ಬಳಿ ಕೂರುತ್ತಿದ್ದವರು ಜೋಗಿಗೌಡರು. ತುಮ್ಮನಟ್ಟಿಯ ಹತ್ತಿರ ಒಂದು ಹಟ್ಟಿಯಲ್ಲಿ ಆಲೂಗಡ್ಡೆ ಬೆಳೆಯುವವರು, ಈ ಬೆಟ್ಟದ ಬಡಗ ಜನಾಂಗದವರು. ಓದು ಬಾರದು. ಮೂರು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದವರಲ್ಲ. ಪಾಪ, ಏನು ತಿಳಿಯುತ್ತದೋ ಎಂದು ನಾನು ಆಗಾಗ ಮರುಕಪಡುತ್ತಿದ್ದೆ.

ಇನ್ನೊಂದು ಗುಟ್ಟು ನಿಮ್ಮೊಬ್ಬರಿಗೇ ಹೇಳುತ್ತೇನೆ. ಉಳಿದವರೆಲ್ಲ ಕಂಬಳಿ, ಮಫ್ಲರು ಸುತ್ತಿಕೊಂಡು ಪಾಠಕ್ಕೆ ಬರುವಾಗ ನಾನು ಒಂದು ತೆಳು ಶಾಲು, ತಲೆಗೊಂದು ಜರಿಪೇಟ, ಅಷ್ಟರಲ್ಲೇ ಬರುತ್ತಿದ್ದೆ. “ಚಳಿ ಆಗುವುದು ದೇಹಕ್ಕೆ, ನನಗೇನು?” ಎನ್ನುತ್ತಿದ್ದೆ. ಪೇಟದ ಒಳಗೆ, ಕಿವಿಯ ಮೇಲಕ್ಕೆ ಮಡಚಿದ ದಪ್ಪ ಉಣ್ಣೆಯ ಟೋಪಿ ಇರುತ್ತಿತ್ತು. ನನ್ನ ತಲೆ ಕೊಂಚ ದೊಡ್ಡದು ಎಂದು ಜನ ತಿಳಿದಿದ್ದರು. ವಿದ್ಯೆಯಿಂದ ಹಾಗಾಗಿದೆ ಎಂದುಕೊಳ್ಳಲಿ ಎಂದು ನಾನೂ ತಿದ್ದಲಿಲ್ಲ.

ಹೀಗಿರಲು ಶಾಸ್ತ್ರಿಗಳ ಎದೆಗೆ ಊಟಿಯ ಹವೆ ಒಗ್ಗದೆ, ಮೈಸೂರಿಗೆ ಮರಳುವುದೆಂದು ಗೊತ್ತಾಯಿತು. ಮುಂದೆ ಪಾಠ ಹೇಳುವವರು ಯಾರು ಎಂಬುದನ್ನು ಹೊರಡುವ ಮೊದಲು ತಿಳಿಸುತ್ತೇನೆ ಎಂದರು. ಯಾರೆಂದು ನನಗೆ ಗೊತ್ತಿತ್ತು. ಗುರುಗಳ ಬಾಯಿಂದ ಬರಬೇಕಿತ್ತು, ಅಷ್ಟೆ. ಹೆಡ್‌ಮಾಸ್ಟರಿಕೆ ಸಿಕ್ಕಾಗಲೂ ನಾನು ಅಷ್ಟು ಆಸೆಪಟ್ಟಿರಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹೊರಡುವ ಹಿಂದಿನ ದಿನ ಜೋಗಿಗೌಡರು ನಮ್ಮನ್ನೆಲ್ಲ ಹಾಲು ಹಣ್ಣಿಗೆಂದು ತಮ್ಮ ಹಟ್ಟಿಗೆ ಕರೆದರು. ಅಂಗಳದಲ್ಲಿ ಅವರ ತಾಯಿ ಬಿಳಿ ಸೀರೆಯಲ್ಲಿ ಕೂತಿದ್ದರು. ತೊಂಬತ್ತರ ಹತ್ತಿರದ ವಯಸ್ಸು. ಬಡಗರಲ್ಲಿ ಇಬ್ಬರು ಎದುರಾದರೆ ಕಿರಿಯರು ತಲೆಯ ಮೇಲಿನದನ್ನು ತೆಗೆದು ಬಾಗುತ್ತಾರೆ, ಹಿರಿಯರು ತಲೆ ಮುಟ್ಟಿ ಹರಸುತ್ತಾರೆ. ಅಲ್ಲಿ ನೋಡುವುದು ವಯಸ್ಸೊಂದನ್ನೇ. ಸಿರಿವಂತಿಕೆ, ಓದು, ಹುದ್ದೆ ಯಾವುದೂ ನಡೆಯದು. ಸಂತೆಯಲ್ಲಿ ನೂರು ಸಲ ನೋಡಿದ್ದೆ. ಅದು ಅವರವರ ಪದ್ಧತಿ, ನಮಗಲ್ಲ ಎಂದುಕೊಂಡಿದ್ದೆ.

ಶಾಸ್ತ್ರಿಗಳು ಯಾರೂ ಹೇಳದೆಯೇ ನೇರ ಹೋಗಿ ಆಕೆಯ ಮುಂದೆ ತಲೆ ಬಾಗಿಬಿಟ್ಟರು! ಗುರುಗಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಾಗಿದರು. ಕೊನೆಗೆ ನಾನೊಬ್ಬ, ನನ್ನ ಪೇಟವೊಂದು.

“ಅವ್ವೆ, ಇವರು ನಮ್ಮ ಹೆಡ್‌ಮಾಸ್ಟರು,” ಎಂದರು ಜೋಗಿಗೌಡರು.

ಮುದುಕಿ ಕೈ ಎತ್ತಿಯೇ ಇದ್ದರು. “ನಿನಗೆ ಏಸು ವರುಷ ಅಪ್ಪಾ?”

ತಪ್ಪಿಸಿಕೊಳ್ಳಲು ನನಗೆ ಶಾಸ್ತ್ರವೇ ನೆನಪಾಯಿತು. “ಆತ್ಮನಿಗೆ ವಯಸ್ಸಿಲ್ಲ ತಾಯಿ,” ಎಂದೆ, ಗುರುಗಳಿಗೂ ಕೇಳುವ ಹಾಗೆ.

“ಅದಕ್ಕೆ ಇಲ್ಲಾಂದ್ರೆ ಇರಲಿ. ಈ ತಲೆಗೆ ಏಸು ವರುಷ?”

“ನಲವತ್ತೆಂಟು,” ಎಂದೆ.

“ನನ್ನ ಕಡೇ ಮಗನಿಗಿಂತ ಚಿಕ್ಕವ. ಬಾ.”

ಮೂರು ವರ್ಷ ‘ತಲೆ ನಾನಲ್ಲ’ ಎಂದವನಿಗೆ ಅದನ್ನು ಒಂದು ಗೇಣು ತಗ್ಗಿಸಲು ಎಷ್ಟು ಕಷ್ಟವಾಯಿತೆಂದರೆ, ಹೇಳಲು ಈಗಲೂ ನಾಚಿಕೆ. ಪೇಟ ತೆಗೆದೆ. ಉಣ್ಣೆಯ ಟೋಪಿ ಎಲ್ಲರ ಎದುರು ಹೊರಬಿತ್ತು. ಯಾರೋ ಕೆಮ್ಮಿದರು, ಅದು ಶೀತದ ಕೆಮ್ಮಲ್ಲ. ಟೋಪಿಯನ್ನೂ ಕೀಳಲು ಹೋದೆ.

“ಅದು ಇರಲಿ ಮಗಾ. ಚಳಿ ಕಾಲ,” ಎಂದು ಆಕೆ ನನ್ನ ಕೈ ಸರಿಸಿ, ಟೋಪಿಯ ಮೇಲೆಯೇ ಅಂಗೈ ಇಟ್ಟರು. “ಒಂದು ಸಾವಿರವಾಗಲಿ. ಸುಖವಾಗಿ ಬದುಕು.”

ಸಾವಿರವನ್ನು ಒಂದು ಮಾಡಲು ನಾನು ಹೆಣಗುತ್ತಿದ್ದರೆ ಈಕೆ ಒಂದನ್ನು ಸಾವಿರ ಮಾಡುತ್ತಿದ್ದಾರಲ್ಲ ಎಂದು ನಗು ಬಂತು. ಆದರೆ ನಗು ಹೊರಗೆ ಬರಲಿಲ್ಲ, ಕಣ್ಣಿನಲ್ಲಿ ನೀರು ಬಂತು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು ನಾನು ಹೆಡ್‌ಮಾಸ್ಟರಾಗಿರಲಿಲ್ಲ, ಪಂಡಿತನಾಗಿರಲಿಲ್ಲ, ಆ ಅಂಗಳದಲ್ಲಿ ಬೇರೆ ಯಾರೋ ಇದ್ದಾರೆ ಎಂದೇ ಅನ್ನಿಸಲಿಲ್ಲ. ಮುಟ್ಟಿದ್ದು ಯಾರು, ಮುಟ್ಟಿಸಿಕೊಂಡವನು ಯಾರು ಎಂಬುದೂ ಮರೆತುಹೋಗಿತ್ತು. ಎರಡು ಉಸಿರಿನಷ್ಟು ಹೊತ್ತು ಇರಬೇಕು. ಆಮೇಲೆ ಆಕೆ ಕೈ ತೆಗೆದರು. ಹೆಡ್‌ಮಾಸ್ಟರು ಮರಳಿ ಬಂದರು.

ಹಿಂದಿರುಗುವಾಗ ದಾರಿಯಲ್ಲಿ ಶಾಸ್ತ್ರಿಗಳು ತಮ್ಮ ತೀರ್ಮಾನ ಹೇಳಿದರು. “ಗ್ರಂಥ ಓದುವುದು ನೀವು. ಅರ್ಥ ಹೇಳುವುದು ಜೋಗಿಗೌಡರು.”

“ಅವರಿಗೆ ಓದು ಬಾರದಲ್ಲ ಸ್ವಾಮಿ?”

“ನಿಮಗೆ ಬರುತ್ತಲ್ಲ. ಸಾಕು. ಅರ್ಥ ಅವರ ಅಂಗಳದಲ್ಲಿದೆ, ಇವತ್ತು ನೋಡಿದಿರಲ್ಲ.”

ಬೆಳಗ್ಗೆ ಈ ಮಾತು ಕೇಳಿದ್ದರೆ ಎದೆ ಒಡೆಯುತ್ತಿತ್ತು. ಸಂಜೆಗೆ, ಏನು ಮಾಯೆಯೋ, ಸರಿ ಎನ್ನಿಸಿತು. ಅಂದಿನಿಂದ ಭಾನುವಾರ ನಾನು ಒಂದು ಪುಟ ಓದುತ್ತೇನೆ. ಜೋಗಿಗೌಡರು ಎರಡು ಮಾತು ಹೇಳುತ್ತಾರೆ. ಆ ಎರಡು ಮಾತಿಗಾಗಿ ಕೂನೂರಿನಿಂದಲೂ ಜನ ಬರುತ್ತಾರೆ. ಪುಟ ಓದಿದವನು ನಾನೇ ಎಂದು ನಾನು ಅವರಿಗೆಲ್ಲ ನೆನಪು ಮಾಡಿಕೊಡುತ್ತಿರುತ್ತೇನೆ.

ಹೆಮ್ಮೆ ಇರುವ ತನಕ ಮುಕ್ತಿಯಿಲ್ಲ ಎಂದು ನಾನು ಓದುವ ಪುಟಗಳಲ್ಲೇ ಇದೆ. ನಿಜವಿರಬೇಕು. ಪಾಂಡಿತ್ಯದ ಹೆಮ್ಮೆ ಅರ್ಧ ಹೋಗಿದೆ, ಹುದ್ದೆಯದು ಪಿಂಚಣಿಯ ಜೊತೆ ಹೋದೀತು. ಆ ತಾಯಿ ಒಮ್ಮೆ ನನ್ನನ್ನು ಮಗಾ ಎಂದರು ಎಂಬ ಹೆಮ್ಮೆಯೊಂದು ಮಾತ್ರ ಬಿಡಲಾರೆ. ಅದೊಂದಕ್ಕಾಗಿ ಮೋಕ್ಷ ತಪ್ಪುವುದಾದರೆ ತಪ್ಪಲಿ, ಇನ್ನೊಂದು ಸಲ ಹುಟ್ಟುತ್ತೇನೆ. ಇದೇ ಬೆಟ್ಟದಲ್ಲಾದರೆ ಇನ್ನೂ ಸಂತೋಷ.