ಉಸನು ತಂದ ತುಂಡು

ಮೊಮ್ಮಗಳು ಗೌರಿ ಕಣ್ಣು ಹಳದಿ ಆದದ್ದು ಮೊದಲು ಕಂಡಾಕಿ ನಾನ. ತಲಿ ಬಾಚಾಕ ಕೂಡಿಸಿದ್ದೆ. ಮುಖ ಎತ್ತಿದ್ಳು. ಅರಿಶಿಣ ಕಲಸಿದಂಗ ಇದ್ದವು.

"ಕಾಮಣಿ ಆಗೇದ, ದವಾಖಾನಿಗೆ ನಡಿ" ಅಂತ ಮಗಗ ಹೇಳಿದೆ. ಡಾಕ್ಟರು ಔಷಧ ಕೊಟ್ರು. ಮಕ್ಕಳಿಗೆ ಬರ್ತದ, ಹೋಗ್ತದ ಅಂದ್ರು. ಹೋಗಲಿಲ್ಲ. ವಾರ ತುಂಬೂದ್ರಾಗ ಹುಡುಗಿ ಬರೇ ಮಲಗಾಕ ಹತ್ತಿದ್ಳು. ಎಬ್ಬಿಸಿದ್ರ ಏನೇನೋ ಬಡಬಡಿಸ್ತಿದ್ಳು. ನನ್ನ ನೋಡಿ "ನೀವು ಯಾರ್ರಿ?" ಅಂದ್ಳು.

ಮೊಮ್ಮಗಳು ನನಗ ರೀ ಹಚ್ಚಿ ಮಾತಾಡಿದ್ದು ಅದ ಮೊದಲು.

ನಾವು ಇರೂ ಬಿಬವೇವಾಡಿ ಓಣಿಯಿಂದ ದೊಡ್ಡ ದವಾಖಾನಿಗೆ ಒಯ್ದಿವಿ. ಐಸಿಯು ಒಳಗ ಹಾಕಿದ್ರು. ಲಿವರ್ ಕೆಲಸ ಬಿಟ್ಟದ, ಹುಡುಗಿ ಉಳಿಯೂದು ಕಷ್ಟ ಅಂದ್ರು. ಅಲ್ಲಿ ಎಲ್ಲಾರದೂ ಮರಾಠಿ, ಒಬ್ಬ ಡಾಕ್ಟರು ಮಾತ್ರ ಮೈಸೂರು ಕಡೆಯವರು. ನಮಗ ಕನ್ನಡದಾಗ ತಿಳಿಸಿ ಹೇಳಿದ್ರು.

"ಅಜ್ಜಿ, ಅವಳ ಲಿವರ್ ಪೂರ್ತಿ ತೆಗೆಯಲ್ಲ. ಸ್ವಲ್ಪ ತೆಗೆದು, ಆ ಜಾಗದಲ್ಲಿ ಅವರಮ್ಮನ ಲಿವರ್‌ನ ಒಂದು ತುಂಡು ಇಡ್ತೀವಿ. ಅವಳದ್ದು ಚೇತರಿಸ್ಕೊಳ್ಳೋವರೆಗೂ ಅದು ಕೆಲಸ ಮಾಡುತ್ತೆ. ಎರವಲು ಅಂದ್ಕೊಳ್ಳಿ."

"ಎರವಲು ಅಂದ್ರ?"

"ಪಕ್ಕದ ಮನೆಯಿಂದ ಸಕ್ಕರೆ ತರ್ತೀರಲ್ಲ, ಹಾಗೆ."

"ಉಸನು ಅನ್ರಿ ಮತ್ತ!"

ಉಸನು ನನಗ ಗೊತ್ತದ. ಒಯ್ದದ್ದು ತಿರುಗಿ ಕೊಡಬೇಕು, ಒಂದು ಚಿಟಿಕಿ ಹೆಚ್ಚಿಗಿನ ಕೊಡಬೇಕು. ಕೊಡದವರ ಬಾಗಲಿಗೆ ಹೋಗಿ ಕೇಳಾಕಿ ನಾನು.

ಸೊಸಿ ಸುಜಾತಾ ಒಂದ ಮಾತಿಗೆ ತಯಾರಾದ್ಳು. ಆಕಿಗೂ ನನಗೂ ಅಡಗಿ ಮನ್ಯಾಗ ದಿನಾ ಜಗಳ. ಸ್ಟ್ರೆಚರ್ ಮ್ಯಾಲೆ ಮಲಗಿ, "ಅತ್ತಿ, ಮನಿಗೆ ಹೋದ್ರ ಹಾಲಿಗೆ ಹೆಪ್ಪು ಹಾಕೂದು ಮರಿಬ್ಯಾಡ್ರಿ" ಅಂದ್ಳು.

"ನೀ ಸುಮ್ಮ ಹೋಗಿ ಬಾ" ಅಂದೆ. ಆಕಿ ತಲಿ ಮ್ಯಾಲೆ ಕೈ ಇಟ್ಟೆ. ಮದುವ್ಯಾದಾಗ ಇಟ್ಟಿದ್ದೆ, ಆಮ್ಯಾಲೆ ಈಗ.

ತಾಯಿ ಮಗಳು ಇಬ್ಬರನೂ ಒಳಗ ಒಯ್ದ್ರು. ಮಗ, ನಾನು ಬೆಂಚಿನ ಮ್ಯಾಲೆ ಕೂತಿವಿ.

ಗೌರಿ ಎಚ್ಚರಾದ ಮ್ಯಾಲೆ ನನ್ನ ನೋಡಿದ್ಳು.

"ಅಜ್ಜಿ, ನೀ ಇಲ್ಲಿ ಯಾಕ ಬಂದಿ?"

ನೀ ಅಂದ್ಳು. ಆಗ ನನಗ ಅಳು ಬಂತು.

ತಿಂಗಳುಗಟ್ಟಲೆ ಗುಳಿಗಿ, ರಕ್ತ ತಪಾಸಣಿ, ಸ್ಕ್ಯಾನ್. ಒಂದಿನ ಡಾಕ್ಟರು, ಗೌರಿ ಸ್ವಂತ ಲಿವರ್ ಚಲೋ ಕೆಲಸ ಮಾಡ್ತದ, ಇನ್ನ ಗುಳಿಗಿ ಕಡಿಮಿ ಮಾಡೋಣು ಅಂದ್ರು. ನನಗ ಅದ ಚಿಂತಿ ಇತ್ತು. ಕೇಳೇ ಬಿಟ್ಟೆ: "ಸೊಸಿ ತುಂಡು ಯಾವಾಗ ತಿರುಗಿ ಹಚ್ಚತೀರಿ? ಆಕಿನ್ನ ಮತ್ತ ಕೊಯ್ಯಬೇಕೇನು?"

ಡಾಕ್ಟರು ಕೈಯಾಗಿನ ಕಾಗದ ಕೆಳಗ ಇಟ್ರು. ಸೊಸಿ ಹೊಟ್ಟಿ ಹಿಡಕೊಂಡು ನಕ್ಕಳು.

"ತಿರುಗಿ ಹಾಕಲ್ಲ ಅಜ್ಜಿ. ಅವಳ ಮೈ ಆ ತುಂಡನ್ನ ತಳ್ಳಿಹಾಕದ ಹಾಗೆ ಕೊಡ್ತಿರೋ ಗುಳಿಗೆ ಕಡಿಮೆ ಮಾಡ್ತಾ ಹೋದ ಹಾಗೆ ಅದು ಒಳಗೇ ಬತ್ತಿಹೋಗುತ್ತೆ. ನಿಮ್ಮ ಸೊಸೆ ಲಿವರ್ ಆಗಲೇ ಮತ್ತೆ ಬೆಳೆದಿದೆ."

ಈಗ ಆ ತುಂಡು ಬತ್ತಾಕ ಹತ್ತೇದ. ತಪಾಸಣಿ ಇನ್ನ ಮುಗದಿಲ್ಲ. ಅಂಜಿಕಿನೂ ಮುಗದಿಲ್ಲ. ದಿನಾ ಮುಂಜಾನೆ ತಲಿ ಬಾಚೂ ನೆವದಾಗ ಗೌರಿ ಕಣ್ಣು ನೋಡ್ತೀನಿ. ಬೆಳ್ಳಗ ಅವ.

ನಿನ್ನೆ ಗೌರಿ ತಾಯಿ ಹೊಟ್ಟಿ ಮ್ಯಾಗಿನ ಹೊಲಿಗಿ ಗುರ್ತು ಮುಟ್ಟಿ, "ಮಮ್ಮಿ, ನೀ ಕೊಟ್ಟದ್ದು ನಾ ಮುಗಿಸಿಬಿಟ್ಟೆ" ಅಂದ್ಳು.

"ಮುಗೀಲಿ ಬಿಡು. ನಿಮ್ಮಜ್ಜಿಗೆ ಹೇಳಬ್ಯಾಡ, ವಸೂಲಿಗೆ ಬರ್ತಾರ."

ನಾನು ಅಲ್ಲೇ ಇದ್ದೆ. ಕೇಳಿದ್ರೂ ಕೇಳದಂಗ, ಹಾಲಿಗೆ ಹೆಪ್ಪು ಹಾಕಿದೆ.